ನಮ್ಮನೆಯ ಬಾಂಬರ್ ಅಜ್ಜ ಮತ್ತು ವಾಪಸ್ ಬಾರದ ಹನ್ನೆರಡನೇ ವಿಮಾನ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತು ಮೊದಲು ಒಂದು ತಪ್ಪೊಪ್ಪಿಗೆ, ಆಮೇಲೆ ಕಥೆ.

ಹಿಂದೊಂದು ಸ್ವಾತಂತ್ರ್ಯ ದಿನದ ಕಂತಿನಲ್ಲಿ ನಾನು ಇದೇ ಮೈಕಿನ ಮುಂದೆ ಕೂತು, "ಶಿರಸಿ ತಾಲೂಕಿನ ನಮ್ಮ ಇಸಳೂರಿನ ಮನೆಯಲ್ಲಿ ಒಬ್ಬ ಬಾಂಬರ್ ಪೈಲಟ್ ಇದ್ದ, ನನ್ನ ಅಜ್ಜನ ತಮ್ಮ" ಅಂತ ಹೇಳಿದ್ದೆ. ಎದೆಯುಬ್ಬಿಸಿಕೊಂಡೇ ಹೇಳಿದ್ದೆ. ಕೇಳಿದವರು ಮೆಚ್ಚಿದರು, ಕೆಲವರು ಫೋಟೋ ಕೇಳಿದರು. ನಾನು ಅಲ್ಲಿಯವರೆಗೆ ಮಾಡಿದ ಕಂತುಗಳಲ್ಲಿ ಹೆಚ್ಚು ಜನ ಕೇಳಿದ್ದೂ ಅದೇ.

ಅದು ತಪ್ಪು. ಅಂವ ಪೈಲಟ್ ಆಗಿರಲಿಲ್ಲ.

ನಾವೆಲ್ಲ ಅವನನ್ನು ಸಣ್ಣಜ್ಜ ಅಂತಿದ್ದೆವು. ಊರಲ್ಲಿ ಅವನಿಗೆ "ಬಾಂಬರ್" ಅಂತಲೇ ಹೆಸರು. ಬಾಂಬರ್ ಮನೆ, ಬಾಂಬರ್ ತೋಟ, ಬಾಂಬರ್ ಮನೆಯ ಹಲಸಿನಮರ. ಶಾಲೆಯಲ್ಲಿ ನಾನು ಯಾರ ಮನೆಯವಳು ಅಂತ ಕೇಳಿದರೆ ಬಾಂಬರ್ ಮೊಮ್ಮಗಳು ಅಂದರೆ ಸಾಕಿತ್ತು. ಪೈಲಟ್ ಅನ್ನೋದಕ್ಕೆ ನಮಗೆ ಬೇರೆ ಪುರಾವೆ ಬೇಕು ಅಂತ ಅನ್ನಿಸಲೇ ಇಲ್ಲ. ಗೋಡೆ ಮೇಲೆ ಫೋಟೋ ಇತ್ತಲ್ಲ: ನೀಲಿ ಟೋಪಿ, ಹಿಂದೆ ಒಂದು ವಿಮಾನದ ಮೂತಿ. ಕಪ್ಪು ಬಿಳುಪು ಫೋಟೋದಲ್ಲಿ ಟೋಪಿ ನೀಲಿ ಅಂತ ನನಗೆ ಹೇಗೆ ಗೊತ್ತಾಯ್ತೋ, ಅಂವ ಪೈಲಟ್ ಅಂತಲೂ ಹಾಗೇ ಗೊತ್ತಾಗಿತ್ತು.

2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಅಂತ ಒಂದು ಹಿಂದಿ ಸಿನಿಮಾ ಬಂತು. ಆಮೇಲೆ ಅದು ಮನೆ ಟೀವಿಗೂ ಬಂತು. ಸಣ್ಣಜ್ಜನ ಮಗಳು, ಅಂದರೆ ನನ್ನ ಅತ್ತೆ, ನಮ್ಮ ಜೊತೆ ಕೂತು ನೋಡಿದಳು. ಮುಗಿದ ಮೇಲೆ ಮೆತ್ತಿನ ಮೇಲಿಂದ ಅಪ್ಪನ ಟ್ರಂಕ್ ಇಳಿಸಿ ಕೊಟ್ಟಳು. "ನಿನ್ನ ಕಾರ್ಯಕ್ರಮಕ್ಕೆ ಎಂತಾದ್ರೂ ಸಿಕ್ತಾ ನೋಡು" ಅಂದಳು. ಗೆದ್ದಲು ಅರ್ಧ ತಿಂದ ಕಾಗದಗಳ ನಡುವೆ ವಾಯುಪಡೆಯ ಡಿಸ್ಚಾರ್ಜ್ ಪುಸ್ತಕ ಇತ್ತು. ಹುದ್ದೆ, ಸಾರ್ಜೆಂಟ್. ಕೆಲಸ, ರೇಡಿಯೋ ಫಿಟ್ಟರ್. ಜಾಲಹಳ್ಳಿಯಲ್ಲಿ ತರಬೇತಿ, ಆಮೇಲೆ ಹೆಚ್ಚಿನ ವರ್ಷ ಪುಣೆಯ ಲೋಹೆಗಾಂವ್. ಎರಡು ಸಲ ಓದಿದೆ. ಪೈಲಟ್ ಅನ್ನೋ ಶಬ್ದ ಎಲ್ಲೂ ಇರಲಿಲ್ಲ.

ನಾನು ಬಿ.ಕಾಂ. ಓದಿದವಳು. ಲೆಕ್ಕ ತಾಳೆ ಆಗದಿದ್ದರೆ ರಾತ್ರಿ ನಿದ್ದೆ ಬಾರದ ಜಾತಿ ನಮ್ಮದು. ಇಲ್ಲಿ ತಾಳೆ ಆಗದ ಲೆಕ್ಕವನ್ನು ನಾನೇ ಮೈಕಿನಲ್ಲಿ ಊರಿಗೆಲ್ಲ ಓದಿ ಹೇಳಿದ್ದೆ.

ತಿದ್ದುಪಡಿ ಕಂತು ಮಾಡ್ತೇನೆ ಅಂದಾಗ ಅತ್ತೆಗೆ ಬೇಜಾರಾಯ್ತು. "ತಂಗೀ, ಇಷ್ಟು ವರ್ಷ ಊರೆಲ್ಲ ಪೈಲಟ್ ಹೇಳಿ ಕರದ್ದು. ಈಗ ನೀನೇ ಎಂತಕ್ಕೆ ಅಪ್ಪನ್ನ ವಿಮಾನದಿಂದ ಕೆಳಗೆ ಇಳಸ್ತೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಈ ಕಂತು ಆರು ತಿಂಗಳು ಹಾಗೇ ಬಿದ್ದಿತ್ತು.

ಆ ಆರು ತಿಂಗಳಲ್ಲಿ ನಾನು ಓದಿದ್ದು ಸಣ್ಣಜ್ಜನ ಬಗ್ಗೆ ಅಲ್ಲ, ಸಿನಿಮಾದ ಹಿಂದಿರುವ ನಿಜವಾದ ಮನುಷ್ಯನ ಬಗ್ಗೆ. ಸಿನಿಮಾದಲ್ಲಿ ಪಾತ್ರದ ಹೆಸರು ಬೇರೆ. ನಿಜವಾದ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ನಮ್ಮ ಕೊಡಗಿನವರು. ಮಡಿಕೇರಿಗೆ ಹೋದವರು ಅವರ ಹೆಸರಿನ ವೃತ್ತ ದಾಟಿಯೇ ಇರ್ತೀರಿ. ನಾನೂ ಕಾಲೇಜು ಟೂರಿನಲ್ಲಿ ದಾಟಿದ್ದೆ, ತಲೆ ಎತ್ತಿ ಹೆಸರು ಓದಿರಲಿಲ್ಲ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24. 1954ರಲ್ಲಿ ವಾಯುಪಡೆಯ ಪೈಲಟ್ ಆದರು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಅವರಿಗೆ 32 ವರ್ಷ. ಅದಕ್ಕೂ ಮೊದಲು ಬೇರೆಯವರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದವರು, ಯುದ್ಧದ ಹೊತ್ತಿಗೆ ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್ನಿಗೆ ಬಂದರು. ಅಲ್ಲಿದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನ. ಶುದ್ಧ ಬಾಂಬರ್ ಅಲ್ಲ ಅದು, ಫೈಟರ್-ಬಾಂಬರ್ ಅಂತಾರೆ. ಒಬ್ಬನೇ ಪೈಲಟ್, ಅವನೇ ದಾರಿ ನೋಡಬೇಕು, ಅವನೇ ಬಾಂಬ್ ಹಾಕಬೇಕು, ಹಿಂದಿನಿಂದ ಯಾರಾದರೂ ಬಂದರೆ ಅವನೇ ನೋಡಿಕೊಳ್ಳಬೇಕು.

ಸೆಪ್ಟೆಂಬರ್ 7ರ ನಸುಕು. ಗುರಿ ಸರ್ಗೋಧಾ. ಪಾಕಿಸ್ತಾನ ವಾಯುಪಡೆಯ ಅತಿ ಗಟ್ಟಿ ನೆಲೆ ಅದು. ಮಿಸ್ಟೇರ್ ವಿಮಾನಕ್ಕೆ ಅಲ್ಲಿಗೆ ಹೋಗಿ ಬರುವಷ್ಟು ಇಂಧನ ಇರೋದೇ ಕಷ್ಟ, ದಾರಿಯಲ್ಲಿ ಜಗಳಕ್ಕೆ ನಿಲ್ಲೋಕೆ ಅಂತ ಹೆಚ್ಚಿಗೆ ಇರೋದಿಲ್ಲ. ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ಮುಂದಾಳತ್ವದಲ್ಲಿ 12 ವಿಮಾನ ಹೋಗಬೇಕು ಅಂತ ತೀರ್ಮಾನ. ಆ ಹನ್ನೆರಡರ ಪಟ್ಟಿಯಲ್ಲಿ ದೇವಯ್ಯನವರ ಹೆಸರು ಇರಲೇ ಇಲ್ಲ. ಅವರು ಸ್ಟ್ಯಾಂಡ್‌ಬೈ. ಯಾರದ್ದಾದರೂ ವಿಮಾನ ಕೈಕೊಟ್ಟರೆ ಆ ಜಾಗಕ್ಕೆ ಹೋಗಬೇಕು, ಇಲ್ಲದಿದ್ದರೆ ಇಲ್ಲ. ನಮ್ಮ ಕಡೆ ಯಕ್ಷಗಾನದಲ್ಲಿ ವೇಷ ಕಟ್ಟಿಕೊಂಡು ಚೌಕಿಯಲ್ಲಿ ಕೂತವರ ಹಾಗೆ. ಆ ದಿನ ಒಂದು ವಿಮಾನ ಕೈಕೊಟ್ಟಿತು. ದೇವಯ್ಯ ಹಾರಿದರು.

ಸರ್ಗೋಧಾ ಮೇಲೆ ದಾಳಿ ಮಾಡಿ ವಿಮಾನಗಳು ತಿರುಗಿದವು. ಆಗ ಹಿಂದಿನಿಂದ ಬಂದದ್ದು ಪಾಕಿಸ್ತಾನದ ಸ್ಟಾರ್‌ಫೈಟರ್. ಅಮೆರಿಕದಲ್ಲಿ ಮಾಡಿದ್ದು, ಶಬ್ದದ ವೇಗದ ಎರಡು ಪಟ್ಟು ವೇಗದಲ್ಲಿ ಹಾರುವಂಥದ್ದು. ಮಿಸ್ಟೇರ್ ಅದರ ಮುಂದೆ ಏನೂ ಅಲ್ಲ. ನಮ್ಮೂರ ಘಟ್ಟದ ರಸ್ತೆಯಲ್ಲಿ ಲೂನಾ ಹಿಂದೆ ರೇಸ್ ಬೈಕ್ ಬಂದ ಹಾಗೆ ಅಂದ್ಕೊಳ್ಳಿ. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಗುಂಡು ದೇವಯ್ಯನವರ ವಿಮಾನಕ್ಕೆ ತಾಗಿತು. ಇದು ಮುಗೀತು ಅಂದುಕೊಂಡು ಅಮ್ಜದ್ ಮುಂದಿನ ವಿಮಾನಗಳ ಕಡೆ ಹೊರಟರು.

ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನ ತಿರುಗಿ ಸ್ಟಾರ್‌ಫೈಟರ್ ಮೇಲೆ ಬಂತು. ನೆಲಕ್ಕೆ ಹತ್ತಿರ, ವೇಗ ಕಮ್ಮಿಯಾದ ಹೊತ್ತಲ್ಲಿ ಸ್ಟಾರ್‌ಫೈಟರ್ ತಿರುಗೋಕೆ ಒದ್ದಾಡುತ್ತೆ, ಹಳೇ ಮಿಸ್ಟೇರ್ ಚುರುಕಾಗಿ ತಿರುಗುತ್ತೆ. ಆ ಜಗಳದಲ್ಲಿ ಸ್ಟಾರ್‌ಫೈಟರ್‌ಗೆ ಗುಂಡು ಬಿತ್ತು. ಅಮ್ಜದ್ ಹೊರಗೆ ಜಿಗಿದು ಪ್ಯಾರಾಶೂಟಿನಲ್ಲಿ ಇಳಿದು ಬದುಕಿದರು. ದೇವಯ್ಯನವರ ವಿಮಾನವೂ ಬಿತ್ತು. ಅವರು ಬದುಕಲಿಲ್ಲ. ಅಲ್ಲಿನ ಹಳ್ಳಿಯವರು ಹೊಲದಲ್ಲಿ ಅವರಿಗೆ ಮಣ್ಣು ಕೊಟ್ಟರು ಅಂತ ಬಹಳ ವರ್ಷಗಳ ಮೇಲೆ ತಿಳಿದುಬಂತು.

ತಿರುಗಿ ಹೋಗುವಾಗ ಅವರ ಮನಸ್ಸಲ್ಲಿ ಏನಿತ್ತು ಅಂತ ನಾನು ಹೇಳೋದಿಲ್ಲ. ಸಿನಿಮಾದವರು ಹೇಳ್ತಾರೆ, ಹಿನ್ನೆಲೆ ಸಂಗೀತ ಹಾಕಿ. ಆ ವಿಮಾನದಲ್ಲಿ ಇದ್ದದ್ದು ಅವರೊಬ್ಬರೇ.

ಇಲ್ಲಿಂದ ಮುಂದಿನದ್ದು ನನಗೆ ಯುದ್ಧಕ್ಕಿಂತ ಹೆಚ್ಚು ಕಾಡಿದ ಭಾಗ.

ಆದಂಪುರದಲ್ಲಿ ವಿಮಾನಗಳು ಇಳಿದವು. ಎಣಿಸಿದರು. ಒಂದು ಕಮ್ಮಿ. ಜೊತೆಯವರು ಯಾರೂ ಜಗಳ ನೋಡಿರಲಿಲ್ಲ. ದಾಳಿ ಮುಗಿಸಿ ನೆಲಕ್ಕೆ ಅಂಟಿಕೊಂಡು ಮನೆ ದಾರಿ ಹಿಡಿದವರಿಗೆ ಹಿಂದೆ ತಿರುಗಿ ನೋಡುವ ಪುರುಸೊತ್ತು ಎಲ್ಲಿ? ಹಾಗಾಗಿ ಭಾರತದ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಒಂದು ಮಿಸ್ಟೇರ್ ನಷ್ಟ, ಪೈಲಟ್ ಕಾಣೆ. ಆಮೇಲೆ, ತೀರಿಕೊಂಡಿರಬೇಕು.

ಗಡಿಯ ಆಚೆ ಪಾಕಿಸ್ತಾನದ ಪುಸ್ತಕದಲ್ಲೂ ಒಂದು ಸಾಲು ಇತ್ತು: ಒಂದು ಸ್ಟಾರ್‌ಫೈಟರ್ ನಷ್ಟ. ಹೇಗೆ ಅಂದರೆ, ಹೊಡೆದ ಮಿಸ್ಟೇರಿನ ಚೂರುಗಳು ಬಡಿದು ಅನ್ನೋದು ಆಗ ಕೇಳಿಬಂದ ಮಾತು.

ನಮ್ಮಲ್ಲಿ ಇದಕ್ಕೆ ಬ್ಯಾಂಕ್ ರಿಕನ್ಸಿಲಿಯೇಶನ್ ಅಂತಾರೆ. ನಿಮ್ಮ ಕ್ಯಾಶ್‌ಬುಕ್ಕಿನಲ್ಲಿ ಒಂದು ಸಾಲು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು ಸಾಲು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ತನಕ ಎರಡೂ ಅರ್ಧ ಅರ್ಧ ಸುಳ್ಳು. ಇಲ್ಲಿ ಎರಡು ದೇಶದ ಪುಸ್ತಕ ಪಕ್ಕಪಕ್ಕ ಇಡುವವರು ಯಾರು?

ಇಟ್ಟಿದ್ದು ಒಬ್ಬ ಬ್ರಿಟಿಷ್ ಬರಹಗಾರ, ಅದೂ ಗೊತ್ತಿಲ್ಲದೇ. ಜಾನ್ ಫ್ರಿಕರ್ ಅಂತ. ಪಾಕಿಸ್ತಾನ ವಾಯುಪಡೆಯಿಂದ ಸಿಕ್ಕ ಮಾಹಿತಿ ಇಟ್ಟುಕೊಂಡು 1965ರ ಆಕಾಶ ಯುದ್ಧದ ಬಗ್ಗೆ ಪುಸ್ತಕ ಬರೆದರು. ಅದು ಬಂದದ್ದು 1979ರಲ್ಲಿ. ಅದರಲ್ಲಿ ಸೆಪ್ಟೆಂಬರ್ 7ರ ಬೆಳಿಗ್ಗೆ ಒಂದು ಮಿಸ್ಟೇರ್ ಜೊತೆಗಿನ ಜಗಳದಲ್ಲಿ ಸ್ಟಾರ್‌ಫೈಟರ್ ಬಿದ್ದ ಕಥೆ ಇತ್ತು. ಭಾರತದಲ್ಲಿ ಅದನ್ನು ಓದಿದವರಿಗೆ ಪ್ರಶ್ನೆ ಎದ್ದಿತು: ಆ ಮಿಸ್ಟೇರ್ ಯಾರದ್ದು? ಉತ್ತರ ಕಷ್ಟದ್ದಲ್ಲ. ಆ ದಾಳಿಗೆ ಹೋದವುಗಳಲ್ಲಿ ವಾಪಸ್ ಬಾರದ್ದು ಒಂದೇ. ವಾಪಸ್ ಬಂದವರು ಯಾರೂ ಸ್ಟಾರ್‌ಫೈಟರ್ ಹೊಡೆದೆ ಅಂತ ಹೇಳಿಲ್ಲ. ಉಳಿದದ್ದು ದೇವಯ್ಯ.

ಅಷ್ಟು ಸುಲಭದ ಲೆಕ್ಕ. ಆದರೂ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಹಾರಿ ಹೋದ 23 ವರ್ಷದ ಮೇಲೆ. ಅವರ ನಾಯಕರಾಗಿದ್ದ ತನೇಜಾ ಇದಕ್ಕಾಗಿ ಪತ್ರ ಬರೆದವರು, ಓಡಾಡಿದವರು. ಪದಕ ತೆಗೆದುಕೊಂಡದ್ದು ಪತ್ನಿ ಸುಂದರಿ ದೇವಯ್ಯ.

ಆ 23 ವರ್ಷ ಆ ಮನೆಯಲ್ಲಿ ಏನು ಮಾತಾಡಿಕೊಂಡಿರಬಹುದು ಅಂತ ನಾನು ಯೋಚಿಸ್ತೇನೆ. ಪುಟ್ಟ ಮಕ್ಕಳಿದ್ದ ಮನೆ. ಶಾಲೆಯಲ್ಲಿ ಅಪ್ಪ ಎಲ್ಲಿ ಅಂದರೆ ಏನು ಹೇಳೋದು? ಯುದ್ಧದಲ್ಲಿ ತೀರಿಕೊಂಡರು ಅನ್ನಬಹುದು. ಹೇಗೆ ಅಂದರೆ? ದಾಳಿಗೆ ಹೋಗಿ ಕಾಣೆಯಾದರು. ಅಷ್ಟೇ. ಕೇಳಿದವರು ಪಾಪ ಅಂತಾರೆ, ಮುಂದಿನ ಮಾತಿಗೆ ಹೋಗ್ತಾರೆ. ಅವರ ಹತ್ತಿರ ಇದ್ದ ನಿಜ ಊರಿಗೆ ಹೇಳುವಷ್ಟು ದೊಡ್ಡದಾಗಿತ್ತು, ಆದರೆ ಅದು ಅವರ ಮನೆಗೆ ತಲುಪಿರಲಿಲ್ಲ. ನಮ್ಮ ಮನೆಯಲ್ಲಿ ತಿರುಗಾಮುರುಗಾ. ಊರಿಗೆ ಹೇಳುವ ಕಥೆ ದೊಡ್ಡದಿತ್ತು, ಟ್ರಂಕಿನಲ್ಲಿದ್ದ ನಿಜ ಚಿಕ್ಕದು.

ಚಿಕ್ಕದು ಅಂತ ನಾನು ಆಗ ಅಂದುಕೊಂಡಿದ್ದೆ.

ಒಂದು ವಿಷಯ ಇಲ್ಲೇ ಹೇಳಿಬಿಡ್ತೇನೆ. ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಮತ್ತೆ ಸ್ಟಾರ್‌ಫೈಟರ್ ಹಾರಿಸಿದರು. ಅಮೃತಸರದ ಹತ್ತಿರ ನೆಲದಿಂದ ಹಾರಿದ ಗುಂಡಿಗೆ ವಿಮಾನ ಬಿತ್ತು, ಅವರು ಭಾರತದ ಕೈಗೆ ಯುದ್ಧಕೈದಿಯಾಗಿ ಸಿಕ್ಕರು. ಅಂದರೆ ದೇವಯ್ಯನವರ ಕೊನೆಯ ಕ್ಷಣ ನೋಡಿದ್ದ ಮನುಷ್ಯ ನಮ್ಮದೇ ದೇಶದಲ್ಲಿ ಕೂತಿದ್ದರು. ನಮಗೆ ಕೇಳಬೇಕಾದ ಪ್ರಶ್ನೆಯೇ ಆಗ ಹುಟ್ಟಿರಲಿಲ್ಲ.

ಅದೇ 1965ರಲ್ಲಿ ಕೊಡಗಿನ ಇನ್ನೊಂದು ಮನೆಯ ಕಥೆ ನಿಮಗೆ ಗೊತ್ತೇ ಇರುತ್ತೆ. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಂಟರ್ ವಿಮಾನದ ಪೈಲಟ್. ಸೆಪ್ಟೆಂಬರ್ 22ರಂದು, ಯುದ್ಧ ಇನ್ನೇನು ನಿಲ್ಲಬೇಕು ಅನ್ನುವಾಗ, ಅವರ ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆಯಾದರು. ಆಗಿನ ಪಾಕ್ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು, ಬಿಡಿಸ್ತೇನೆ ಅಂದರು. ಅಲ್ಲಿರುವ ಎಲ್ಲಾ ಸೈನಿಕರೂ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಲೆಕ್ಕ ಬೇಡ ಅಂತ ಕಾರ್ಯಪ್ಪ ಹೇಳಿ ಕಳಿಸಿದರು. ಆ ಮನೆಗೆ ಮಗ ಎಲ್ಲಿದ್ದಾನೆ ಅಂತ ಗೊತ್ತಿತ್ತು. 1966ರ ಜನವರಿಯಲ್ಲಿ ಮಗ ವಾಪಸ್ ಬಂದ.

ಸರಿ, ನಮ್ಮನೆಗೆ ಬರೋಣ. ಸಣ್ಣಜ್ಜ ಪೈಲಟ್ ಆದದ್ದು ಹೇಗೆ?

ಅತ್ತೆಯ ಹತ್ತಿರ ಮತ್ತೆ ಕೂತು ಕೇಳಿದೆ. ಈ ಸಲ ರೆಕಾರ್ಡರ್ ಇಲ್ಲದೇ. ಅಡಿಕೆ ಸುಲಿಯುವಾಗ ಯಾರಾದರೂ ಮಾತಾಡ್ತಾರೆ, ಮೈಕ್ ಹಿಡಿದರೆ ಬಾಯಿ ಕಟ್ಟುತ್ತೆ. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆ ಆಯ್ತಲ್ಲ, ಅಲ್ಲಿಂದ ಶುರು ಅಂದಳು. ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ 12 ಕ್ಯಾನ್‌ಬೆರಾ ಬಾಂಬರ್‌ಗಳು ಹೋಗಿ ದಾಬೋಲಿಂ ವಿಮಾನ ನಿಲ್ದಾಣದ ಓಡುದಾರಿ ಒಡೆದವು. ಕಟ್ಟಡಗಳಿಗೆ ಏನೂ ಮಾಡಬೇಡಿ, ಓಡುದಾರಿ ಮಾತ್ರ ಅಂತ ಅಪ್ಪಣೆ ಇತ್ತು. ಗೋವಾ ಅಂದರೆ ನಮಗೆ ಪಕ್ಕದ ಮನೆ. ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲೂ ಜಗಳ ಆಗಿತ್ತು. ಹಾಗಾಗಿ ಮುಂದಿನ ರಜೆಯಲ್ಲಿ ಸಣ್ಣಜ್ಜ ಮನೆಗೆ ಬಂದಾಗ ಇಡೀ ಊರು ಜಗಲಿ ಮೇಲೆ ಸೇರಿತ್ತಂತೆ. ಅಂವ ಹೇಳಿದ್ದು ಇಷ್ಟೇ: "ನಾವು ದಾಬೋಲಿಂಗೆ ಬಾಂಬ್ ಹಾಕಿದ್ಯ."

ನಾವು. ವಾಯುಪಡೆಯಲ್ಲಿ ಎಲ್ಲರೂ ಹಾಗೇ ಹೇಳ್ತಾರೆ. ಸ್ಕ್ವಾಡ್ರನ್ ಮಾಡಿದ್ದು ಅಂದರೆ ನಾವು ಮಾಡಿದ್ದು. ಅಡಿಗೆಯವನೂ ನಾವು ಅಂತಾನೆ. ಇಸಳೂರಿನ ಜಗಲಿಯಲ್ಲಿ ಆ "ನಾವು" ಚಾ ಕುಡಿದು ಮುಗಿಸುವುದರೊಳಗೆ "ಅಂವ" ಆಯ್ತು. ಮುಂದಿನ ಜಾತ್ರೆ ಹೊತ್ತಿಗೆ ಬಾಂಬರ್ ಆಯ್ತು. ವಿಮಾನದಲ್ಲಿ ಇರೋದು ಪೈಲಟ್ ಅಲ್ಲದೇ ಇನ್ಯಾರು ಅಂತ ನಮ್ಮ ಜನ ಉಳಿದದ್ದನ್ನು ತುಂಬಿಕೊಂಡರು.

ಅಂವ ತಿದ್ದಲಿಲ್ಲವಾ ಅಂತ ಕೇಳಿದೆ. ಮೊದಮೊದಲು ತಿದ್ದಿದ್ದನಂತೆ. ಜನ ಅದನ್ನು ವಿನಯ ಅಂದುಕೊಂಡರು. ಎಷ್ಟು ದೊಡ್ಡ ಮನುಷ್ಯ, ಹೇಳಿಕೊಳ್ಳೋದೇ ಇಲ್ಲ ಅಂತ ಇನ್ನೂ ಹೆಚ್ಚಾಯ್ತು. ಆಮೇಲೆ ಬಿಟ್ಟುಬಿಟ್ಟ.

ರೇಡಿಯೋ ಫಿಟ್ಟರ್ ಏನು ಮಾಡ್ತಾನೆ ಅಂತ ನನಗೂ ಗೊತ್ತಿರಲಿಲ್ಲ. ಕ್ಯಾನ್‌ಬೆರಾ ಎರಡು ಎಂಜಿನ್ನಿನ ಬ್ರಿಟಿಷ್ ಬಾಂಬರ್. ಪೈಲಟ್ ಒಬ್ಬ, ಜೊತೆಗೆ ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್. 1957ರಿಂದ ನಮ್ಮಲ್ಲಿದ್ದದ್ದು 2007ರವರೆಗೆ ಹಾರಿತು, ಐವತ್ತು ವರ್ಷ. 1965ರಲ್ಲಿ ಅವು ಹೆಚ್ಚಾಗಿ ಹೋಗ್ತಿದ್ದದ್ದು ರಾತ್ರಿ. ಸರ್ಗೋಧಾ, ಪೇಶಾವರ, ಅಷ್ಟು ದೂರ. ಹಾರುವ ಮೊದಲು ಪ್ರತಿ ವಿಮಾನದ ರೇಡಿಯೋ ಒಬ್ಬ ನೋಡಿ ಸರಿ ಅನ್ನಬೇಕು. ದಾರಿಯಲ್ಲಿ ಪೈಲಟ್ ಮಾತಾಡೋ ಹಾಗಿಲ್ಲ, ಶತ್ರುಗಳಿಗೆ ಕೇಳಿಸುತ್ತೆ. ವಾಪಸ್ ಬರುವಾಗ, ಕತ್ತಲಲ್ಲಿ, ಇಂಧನ ತಳ ಹಿಡಿದಾಗ ಅದೇ ರೇಡಿಯೋ ಕೈಕೊಟ್ಟರೆ? ನೆಲದ ಮೇಲೆ ಕೂತವನಿಗೆ ಅದೊಂದೇ ಯೋಚನೆ. ಸ್ಕ್ರೂ ಬಿಗಿ ಮಾಡಿದ್ದೆನಾ ಇಲ್ಲವಾ.

ಅತ್ತೆ ಆಗ ಒಂದು ಮಾತು ನೆನಪಿಸಿಕೊಂಡಳು. ಅವಳು ಚಿಕ್ಕವಳಿರುವಾಗ, ಸಂಜೆ ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ಅಪ್ಪ ಅಂಗಳದಲ್ಲಿ ನಿಂತು ಒಂದೊಂದೇ ಎಣಿಸುತ್ತಿದ್ದನಂತೆ. ಇದ್ದದ್ದು ಆರೇಳು ದನ. ಕಣ್ಣಳತೆಯಲ್ಲೇ ಗೊತ್ತಾಗುತ್ತೆ. ಆದರೂ ಬೆರಳು ಮಡಚಿ ಎಣಿಸಬೇಕು. ಎಂತಕ್ಕೆ ಅಂತ ಕೇಳಿದ್ದಕ್ಕೆ ಹೇಳಿದ್ದು: "ಹೋಗಿದ್ದೂ ಎಣಸಕ್ಕು, ಬಂದಿದ್ದೂ ಎಣಸಕ್ಕು. ನಡುವೆ ಚಾ ಕುಡಿದ್ರೆ ಗಂಟಲಲ್ಲಿ ಇಳಿತಿತ್ತಿಲ್ಲೆ."

ಅತ್ತೆಗೆ ಇಷ್ಟು ವರ್ಷ ಅದು ದನದ ಮಾತು ಅಂತಲೇ ಇತ್ತು.

ನಾನು ಅವಳಿಗೆ ಆದಂಪುರದ ಕಥೆ ಹೇಳಿದೆ. ವಿಮಾನಗಳು ಹೋದದ್ದು, ಬಂದದ್ದು, ಒಂದು ಕಮ್ಮಿಯಾದದ್ದು. ಆ ಬೆಳಿಗ್ಗೆ ಓಡುದಾರಿಯ ಪಕ್ಕ ಸಣ್ಣಜ್ಜನಂಥವರು ಯಾರೋ ನಿಂತಿರುತ್ತಾರೆ. ದೇವಯ್ಯನವರನ್ನು ಸೀಟಿಗೆ ಕೂರಿಸಿ ಬೆಲ್ಟ್ ಕಟ್ಟಿದವರು, ಏಣಿ ತೆಗೆದವರು, ರೇಡಿಯೋ ಸರಿ ಅಂದವರು. ಅವರು ಎಣಿಸಿ, ಮತ್ತೆ ಎಣಿಸಿ, ಆಕಾಶ ನೋಡಿ ನಿಂತಿರುತ್ತಾರೆ. ಅವರ ಹೆಸರು ಯಾವ ಸಿನಿಮಾದಲ್ಲೂ ಇಲ್ಲ, ಬದಲಾಯಿಸೋಕೂ ಇಲ್ಲ. ಸಣ್ಣಜ್ಜನ ನೆಲೆಯಲ್ಲೂ ಹಾಗೆ ವಾಪಸ್ ಬಾರದವರಿದ್ದರಾ ಅಂತ ಕೇಳಿದರೆ ಅತ್ತೆ, "ಹೆಸರು ಹೇಳ್ತಿದ್ನಿಲ್ಲೆ, ಆದ್ರೆ ಒಂದೆರಡು ದಿನ ಊಟ ಬಿಡ್ತಿದ್ದ, ವರ್ಷಕ್ಕೊಂದ್ಸಲ" ಅಂದಳು. ಯಾವ ತಿಂಗಳು ಅಂತ ಅವಳಿಗೆ ನೆನಪಿಲ್ಲ. ಎರಡು ಸಲ ಮಹಾವೀರ ಚಕ್ರ ಪಡೆದ ಕ್ಯಾನ್‌ಬೆರಾ ಪೈಲಟ್ ವಿಂಗ್ ಕಮಾಂಡರ್ ಪದ್ಮನಾಭ ಗೌತಮ್ 1972ರ ನವೆಂಬರಿನಲ್ಲಿ ಪುಣೆಯಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರು ಅಂತ ನಾನು ಓದಿದ್ದೆ. ಇದೇ ಇರಬಹುದಾ ಅಂತ ಒಂದು ಕ್ಷಣ ಅನ್ನಿಸಿತು. ಸೇರಿಸಿ ಹೇಳಿದರೆ ಕಥೆ ಚೆನ್ನಾಗಿರುತ್ತೆ. ಆದರೆ ಒಂದು ಸಲ ಹಾಗೆ ಸೇರಿಸಿಯೇ ಈ ಕಂತು ಮಾಡಬೇಕಾಗಿ ಬಂದದ್ದು. ಹಾಗಾಗಿ ಸೇರಿಸ್ತಾ ಇಲ್ಲ.

ಅತ್ತೆ ಕೊನೆಗೆ ಒಪ್ಪಿದಳು. ಒಂದು ಷರತ್ತು ಹಾಕಿ. "ಪೈಲಟ್ ಅಲ್ಲ ಹೇಳಿ ಹೇಳಿ ಮುಗಸಡ. ಎಂತ ಮಾಡ್ತಿದ್ದ ಹೇಳಿ ಪೂರ್ತಿ ಹೇಳು." ಪೂರ್ತಿ ಅಂದರೆ ಇಷ್ಟು, ನಮಗೆ ಸಿಕ್ಕಷ್ಟು.

ಹಳೇ ಕಂತನ್ನು ನಾನು ತೆಗೆದುಹಾಕಿಲ್ಲ. ಅದರ ಕೆಳಗಿನ ವಿವರಣೆಯಲ್ಲಿ ತಿದ್ದುಪಡಿ ಹಾಕಿ, ಈ ಕಂತಿನ ಕೊಂಡಿ ಕೊಟ್ಟಿದ್ದೇನೆ. ಗೋಡೆ ಮೇಲಿನ ಫೋಟೋ ಇಳಿಸಿ ಒರೆಸುವಾಗ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು ಕಾಣ್ತು, ಸಣ್ಣಜ್ಜನದೇ ಅಕ್ಷರ: ಒಂದು ತಾರೀಕು, ಆಮೇಲೆ "ಎಲ್ಲಾ ಬಂತು" ಅಂತ. ತಾರೀಕಿನ ವರ್ಷದ ಜಾಗದಲ್ಲಿ ಮೊಳೆ ಹೊಡೆದು ತೂತಾಗಿದೆ.

ನಿಮ್ಮ ಮನೆಯ ಮೆತ್ತಿನ ಮೇಲೂ ಇಂಥ ಟ್ರಂಕ್ ಇದ್ದರೆ, ಮಳೆಗಾಲಕ್ಕೆ ಮೊದಲು ಇಳಿಸಿ. ಗೆದ್ದಲು ಕಾಯೋದಿಲ್ಲ. ಮುಂದಿನ ವಾರ ಸಿಗೋಣ.